ಗಣಿತ ಪರೀಕ್ಷೆಯ ದಿನದ ಪಡ್ಡು

ಮೈಯೆಲ್ಲ ಕಪ್ಪು, ಎರಡು ಕಿವಿ, ಹೊಟ್ಟೆಯಲ್ಲಿ ಏಳು ಗುಳಿ. ಇಷ್ಟು ಹೇಳಿದರೆ ಸಾಕು, ದಾವಣಗೆರೆ ಕಡೆಯ ಯಾವ ಮಗುವಾದರೂ ನನ್ನ ಹೆಸರು ಹೇಳಿಬಿಡುತ್ತದೆ. ಪಡ್ಡಿನ ಹಂಚು ನಾನು. ನನಗೆ ಈಗ ನಲವತ್ತರ ಮೇಲಾಯಿತು. ನನ್ನ ಜೊತೆಗೆ ಒಲೆ ಹತ್ತಿದ ಅಲ್ಯೂಮಿನಿಯಂ ಪಾತ್ರೆಗಳೆಲ್ಲ ತೂತು ಬಿದ್ದು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ನಾನು ಮಾತ್ರ ಗಟ್ಟಿಯಾಗಿದ್ದೇನೆ. ಜಂಬ ಅನ್ನಿಸಿದರೆ ಅನ್ನಿಸಲಿ, ಜಂಬಪಡುವ ಹಕ್ಕು ನನಗಿದೆ. ಅಪಶಕುನವೆಂದು ನನ್ನನ್ನು ಆಚೆ ಹಾಕಿದ ಮನೆಯವರೇ ಮತ್ತೆ ಎರಡು ಕೈಯಲ್ಲಿ ಹಿಡಿದು ಒಳಗೆ ಕರೆದುಕೊಂಡು ಹೋದರು. ಆ ಕಥೆ ಹೇಳುತ್ತೇನೆ, ಕೇಳಿ.

ನಾನು ಹುಟ್ಟಿದ್ದು ಹರಿಹರದ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ. ಅಲ್ಲಿ ನೀರೆತ್ತುವ ಪಂಪಿನ ಬಿಡಿಭಾಗಗಳನ್ನು ಎರೆಯುತ್ತಿದ್ದರು. ಎಲ್ಲ ಎರೆದಾದ ಮೇಲೆ ಮೂಸೆಯ ತಳದಲ್ಲಿ ಒಂದಿಷ್ಟು ಕಬ್ಬಿಣ ಉಳಿಯುತ್ತಿತ್ತು. ಅದನ್ನು ಚೆಲ್ಲಲು ಮನಸ್ಸು ಬಾರದೆ ಮೇಸ್ತ್ರಿ ದಾದಾಪೀರ್ ಮರಳಿನಲ್ಲಿ ಅಚ್ಚು ಮಾಡಿ ಪಡ್ಡಿನ ಹಂಚು ಎರೆಯುತ್ತಿದ್ದ. ಅಂದರೆ ನಾನು ಉಳಿದದ್ದರಲ್ಲಿ ಹುಟ್ಟಿದ ಜೀವ. ಮರಳಿನೊಳಗೆ ಕೆಂಡದಂಥ ರಸವಾಗಿ ಸುರಿದು, ಆರಿ, ಗಟ್ಟಿಯಾಗಿ, ಹೊರಗೆ ಬಂದು ಮೊದಲ ಸಲ ಬೆಳಕು ಕಂಡಾಗ ನನ್ನ ಮೈಯೆಲ್ಲ ಒರಟೊರಟಾಗಿತ್ತು. ದಾದಾಪೀರ್ ಅರದಿಂದ ಉಜ್ಜಿ ನನ್ನ ಗುಳಿಗಳನ್ನು ಒಂದೊಂದಾಗಿ ನುಣುಪು ಮಾಡಿದ. ಏಳನೆಯದಕ್ಕೆ ಬರುವಷ್ಟರಲ್ಲಿ ಅವನ ಮನೆಗೆ ಹೋಗುವ ಹೊತ್ತಾಗಿತ್ತೆಂದು ಕಾಣುತ್ತದೆ. ಆ ಗುಳಿ ಇಂದಿಗೂ ಸ್ವಲ್ಪ ಒರಟು.

ಸಂತೆಯಲ್ಲಿ ನನ್ನನ್ನು ಕೊಂಡವಳು ಕೊಟ್ರವ್ವ. ಆಗಿನ್ನೂ ಇಪ್ಪತ್ತೈದರ ಹೆಂಗಸು, ಸೊಂಟದ ಮೇಲೊಂದು ಕೂಸು. ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ಬೇರೆಯವರಂತೆ ಅವಳು ಹೊಳಪು ನೋಡಲಿಲ್ಲ. ನನ್ನನ್ನು ಬೋರಲು ಹಾಕಿ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿದಳು. ಒಳಗೆ ಬಿರುಕಿಲ್ಲವೆಂದು ಗೊತ್ತಾದ ಮೇಲೆಯೇ ಕೈಚೀಲಕ್ಕೆ ಹಾಕಿದ್ದು.

ಹೊಸ ಹಂಚನ್ನು ಪಳಗಿಸುವುದೆಂದರೆ ಹೊಸ ಎತ್ತನ್ನು ಪಳಗಿಸಿದ ಹಾಗೆ, ಅವಸರ ಮಾಡಿದರೆ ಕೆಟ್ಟಿತು. ಕೊಟ್ರವ್ವ ನನ್ನ ಗುಳಿಗಳಲ್ಲಿ ಗಂಜಿ ಕುದಿಸಿದಳು, ಹರಳೆಣ್ಣೆ ಹಚ್ಚಿ ಕಾಯಿಸಿದಳು, ಅರ್ಧ ಕೊಯ್ದ ಈರುಳ್ಳಿಯಿಂದ ತಿಕ್ಕಿದಳು. ಹಾಗಿದ್ದರೂ ಮೊದಲ ಒಬ್ಬೆಯ ಏಳೂ ಪಡ್ಡನ್ನು ನಾನು ಕಚ್ಚಿ ಹಿಡಿದುಕೊಂಡೆ, ಬಿಡಲೇ ಇಲ್ಲ. ಎರಡನೆಯ ಒಬ್ಬೆ ಅರ್ಧಂಬರ್ಧ ಬಂತು. ಒಂದು ವಾರದಲ್ಲಿ ನಾನು ಎಷ್ಟು ಪಳಗಿದೆನೆಂದರೆ ಕಡ್ಡಿ ಮುಟ್ಟಿಸಿದರೆ ಸಾಕು, ಪಡ್ಡು ಗುಳಿಯೊಳಗೆ ತಾನಾಗಿ ಮಗ್ಗಲು ಬದಲಿಸುತ್ತಿತ್ತು.

ಅಲ್ಲಿಂದ ಹನ್ನೆರಡು ವರ್ಷ ಹತ್ತಿ ಗಿರಣಿಯ ಗೇಟಿನ ಮುಂದೆ ನನ್ನ ನೌಕರಿ. ಬೆಳಗಿನ ಪಾಳಿಯ ಭೋಂಗಾ ಊದುವ ಮುಂಚೆ ಕೆಲಸಗಾರರು ಅರೆಬರೆ ನಿದ್ದೆಯಲ್ಲೇ ಸೈಕಲ್ ತಳ್ಳುತ್ತ ಬರುತ್ತಿದ್ದರು. ಕೂತು ತಿನ್ನಲು ಯಾರಿಗೂ ವ್ಯವಧಾನವಿಲ್ಲ. ಕೊಟ್ರವ್ವ ತಟ್ಟೆ ಇಡುತ್ತಲೇ ಇರಲಿಲ್ಲ. ಮುತ್ತುಗದೆಲೆಯ ಚೂರಿನ ಮೇಲೆ ಒಂದು ಪಡ್ಡು, ಅದರ ಮೇಲೆ ಒಂದು ಬೆರಳು ಶೇಂಗಾ ಚಟ್ನಿ, ನೇರ ಕೈಗೆ. ಅದು ಬಾಯಿಗೆ ಹೋಗುವಷ್ಟರಲ್ಲಿ ಇನ್ನೊಂದು. ಬೇಡವೆಂದು ಮುಂದೆ ಹೋಗುವವರನ್ನೂ ಅವಳು ಬಿಡುತ್ತಿರಲಿಲ್ಲ.

"ಖಾಲಿ ಹೊಟ್ಟೀಲಿ ಮಷೀನ್ ಮುಂದ ನಿಲ್ಲಬ್ಯಾಡ್ರಪ್ಪ. ಕಣ್ಣು ಒಂದ್ ಕಡೆ ಇರ್ತಾವ, ಕೈ ಒಂದ್ ಕಡೆ ಹೋಗ್ತಾವ," ಎಂದು ಕೂಗಿ ಕರೆಯುತ್ತಿದ್ದಳು.

ಗಿರಣಿ ಮುಚ್ಚಿತು. ಗೇಟಿಗೆ ಬೀಗ ಬಿದ್ದ ಮೇಲೆ ನಾನೂ ಕೊಟ್ರವ್ವನೂ ಮನೆ ಸೇರಿದೆವು. ಸೊಂಟದ ಮೇಲಿದ್ದ ಕೂಸು ಮಲ್ಲೇಶ ಬೆಳೆದು ಗೂಡ್ಸ್ ಆಟೊ ಓಡಿಸತೊಡಗಿದ. ಮದುವೆಯಾದ. ಸೊಸೆಯಾಗಿ ಬಂದವಳು ವಿಶಾಲಾಕ್ಷಿ.

ವಿಶಾಲಾಕ್ಷಿ ರವಿಕೆ ಹೊಲಿಯುವುದರಲ್ಲಿ ಆ ಓಣಿಗೇ ಹೆಸರುವಾಸಿ. ಅವಳ ಕತ್ತರಿ ಒಮ್ಮೆ ಬಟ್ಟೆಗೆ ಬಿದ್ದರೆ ಒಂದು ನೂಲು ಆಚೆ ಈಚೆ ಆಗುತ್ತಿರಲಿಲ್ಲ. ಹೊಲಿಗೆ ಯಂತ್ರವನ್ನು ಬೆಳಕು ಬರಲೆಂದು ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಹಾಗಾಗಿ ನನಗೆ ಒಲೆಯ ಮೇಲಿಂದಲೇ ಅವಳ ಪಾದ, ಅವಳ ಮೊಣಕಾಲು, ಬಟ್ಟೆಯ ತುಂಡುಗಳ ನಡುವೆ ಆಡುವ ಅವಳ ಮಗಳು ಸಿಂಚನಾ ಎಲ್ಲ ಕಾಣುತ್ತಿದ್ದರು. ಸಿಂಚನಾ ಐದು ವರ್ಷದವಳಿದ್ದಾಗ ರವಿಕೆಯ ಗುಂಡಿಗಳನ್ನು ನನ್ನ ಗುಳಿಗಳಲ್ಲಿ ಹಂಚಿ ಎಣಿಸುವ ಆಟ ಆಡುತ್ತಿದ್ದಳು. ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಅಮ್ಮನ ಯಂತ್ರದ ಮೋಟಾರು ಕೆಟ್ಟರೆ ತಾನೇ ಬಿಚ್ಚಿ ಸರಿಮಾಡುವಷ್ಟಾದಳು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಬೇಕು ಅನ್ನುವುದು ಅವಳ ಹಟ. ಅದಕ್ಕೆ ಎಸ್ಸೆಸ್ಸೆಲ್ಸಿಯ ಗಣಿತ ಕೈಹಿಡಿಯಬೇಕು. ಮನೆಯಲ್ಲಿ ಎಂಥ ಲೆಕ್ಕ ಕೊಟ್ಟರೂ ಪಟಪಟನೆ ಬಿಡಿಸುವ ಹುಡುಗಿ, ಹಾಗಾಗಿ ಆ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ.

ಚಿಂತೆ ಇದ್ದದ್ದು ವಿಶಾಲಾಕ್ಷಿಗೆ ಮಾತ್ರ. ಅದರ ಬೇರು ಹಳೆಯದು. ತಾನು ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೆ ಹೋಗುವ ಬೆಳಿಗ್ಗೆ ಅವಳ ತಾಯಿ ಒಂದು ರವೆ ಉಂಡೆ ತಿನ್ನಿಸಿ ಕಳಿಸಿದ್ದರಂತೆ. ಫಲಿತಾಂಶ ಬಂತು, ಗಣಿತದಲ್ಲಿ ಫೇಲು. ಅಂಕಪಟ್ಟಿ ಕೊಡುವಾಗ ಮೇಷ್ಟ್ರು, "ದುಂಡಗಿನದು ತಿಂದ್ ಹೋಗಿದ್ಯೇನವ್ವ, ದುಂಡನ ಸೊನ್ನೀನ ತಂದೀಯಲ್ಲ," ಎಂದು ತಮಾಷೆ ಮಾಡಿದರು. ಇಡೀ ತರಗತಿ ನಕ್ಕಿತು. ಮೇಷ್ಟ್ರು ಆ ಮಾತನ್ನು ಅಲ್ಲೇ ಮರೆತಿರಬೇಕು. ವಿಶಾಲಾಕ್ಷಿ ಇಪ್ಪತ್ನಾಲ್ಕು ವರ್ಷ ಹೊತ್ತುಕೊಂಡು ತಿರುಗಿದಳು. ಅಂದು ಸೂಜಿ ಹಿಡಿದವಳು ಮತ್ತೆ ಪುಸ್ತಕ ಹಿಡಿಯಲಿಲ್ಲ. ಮಗಳು ಶಾಲೆಗೆ ಸೇರಿದ ಮೇಲೆ ಆ ಮನೆಯಲ್ಲಿ ಒಂದು ಕಾನೂನು ಬಂತು. ಪರೀಕ್ಷೆಯ ದಿನ ದುಂಡಗಿರುವುದು ಯಾವುದೂ ಒಲೆ ಹತ್ತುವಂತಿಲ್ಲ. ಪಡ್ಡು ಇಲ್ಲ, ಇಡ್ಲಿ ಇಲ್ಲ, ಉಂಡೆಯ ಹೆಸರನ್ನೇ ಎತ್ತುವಂತಿಲ್ಲ. ಚಪಾತಿಯೂ ದುಂಡಗಲ್ಲವೇ ಎಂದು ಕೊಟ್ರವ್ವ ಕೇಳಿದ್ದಕ್ಕೆ ಅದನ್ನೂ ನಿಲ್ಲಿಸಿದಳು!

ಎಸ್ಸೆಸ್ಸೆಲ್ಸಿ ಎಂದಾಗ ಕಾನೂನು ಇನ್ನೂ ಬಿಗಿಯಾಯಿತು. ಓಣಿಯ ಆಂಜನೇಯನಿಗೆ ಹರಕೆ ಹೊತ್ತಳು. ಪರೀಕ್ಷೆಯ ಬೆಳಿಗ್ಗೆ ಮಗಳು ಖಾಲಿ ಹೊಟ್ಟೆಯಲ್ಲಿ ಇಪ್ಪತ್ತೊಂದು ಸುತ್ತು ಹಾಕಬೇಕು, ಬಾಯಿಗೆ ಒಂದು ಚಮಚ ಮೊಸರು ಸಕ್ಕರೆ ಹಾಕಿಕೊಂಡು ಹೊರಡಬೇಕು. ಮಗಳು ಬರೆದು ಬರುವ ತನಕ ತಾನೂ ಹನಿ ನೀರು ಮುಟ್ಟುವುದಿಲ್ಲ. ತಾಯಿಯ ಪ್ರೀತಿಯೇ ಅದು, ಇಲ್ಲವೆನ್ನಲಾರೆ. ಆದರೆ ಪ್ರೀತಿಗೆ ಹಸಿವಿನ ಪರಿಚಯ ಇರಬೇಕಾಗಿತ್ತು.

ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಬಂತು. ಗಣಿತದ ದಿನ ಸಿಂಚನಾ ಹರಕೆಯಂತೆ ಸುತ್ತು ಹಾಕಿ, ಚಮಚ ಮೊಸರು ನೆಕ್ಕಿ ಹೋದಳು. ಹನ್ನೊಂದೂವರೆಗೇ ಮರಳಿ ಬಂದಳು, ಇಬ್ಬರು ಗೆಳತಿಯರು ತೋಳು ಹಿಡಿದುಕೊಂಡಿದ್ದರು. ತಲೆ ಸುತ್ತಿ ಬೆಂಚಿನ ಮೇಲೆ ತಲೆಯಿಟ್ಟವಳು ಮತ್ತೆ ಏಳಲಾಗಲಿಲ್ಲವಂತೆ. ಎಂಬತ್ತಕ್ಕೆ ಹತ್ತೊಂಬತ್ತು ಬಂತು. ಪಾಸಾಗಲು ಇಪ್ಪತ್ತೆಂಟಾದರೂ ಬೇಕು.

ವಿಶಾಲಾಕ್ಷಿ ಕೂತು ಯೋಚಿಸಿದಳು. ಪರೀಕ್ಷೆಯ ಬೆಳಿಗ್ಗೆ ದುಂಡಗಿನದು ಏನೂ ಕೊಟ್ಟಿರಲಿಲ್ಲ. ಹಾಗಾದರೆ ತಪ್ಪೆಲ್ಲಿ? ಅವಳ ಕಣ್ಣು ಮೆಲ್ಲನೆ ನನ್ನ ಮೇಲೆ ಬಿತ್ತು.

"ಹಿಂದಿನ ದಿನ ಸಂಜೀಕ ಪಡ್ಡು ತಿಂದಿದ್ಲು!" ಎಂದಳು. "ಹೊಟ್ಟ್ಯಾಗ ಅದಾ ಇತ್ತು, ಅದ್ಕ ಹಿಂಗಾತು."

"ಅದಾದ್ರೂ ಇತ್ತಲ್ಲ ಅಂತ ಸಂತೋಷಪಡು. ಅದೂ ಇಲ್ದಿದ್ರ ಹತ್ತೊಂಬತ್ತೂ ಬರ್ತಿರ್ಲಿಲ್ಲ," ಎಂದಳು ಕೊಟ್ರವ್ವ.

"ಅತ್ತಿ, ನಿಮಗ ತಿಳಿಯಂಗಿಲ್ಲ. ನೀವು ಪರೀಕ್ಷೆ ಬರದವರಲ್ಲ."

ಕೊಟ್ರವ್ವ ಶಾಲೆಯ ಮೆಟ್ಟಿಲು ಹತ್ತಿದವಳೇ ಅಲ್ಲ. ವಿಶಾಲಾಕ್ಷಿ ನನ್ನ ಎರಡು ಕಿವಿ ಹಿಡಿದು ಹಿತ್ತಲಿಗೆ ಒಯ್ದು, ಪಕ್ಕದ ಮನೆಯ ರೇಣುಕಕ್ಕನನ್ನು ಕೂಗಿ ಕರೆದು ಕೊಟ್ಟುಬಿಟ್ಟಳು. ಇದು ನನ್ನ ಮಗಳ ಕಣ್ಣಿಗೆ ಬೀಳುವುದೇ ಬೇಡ, ನೀವೇ ಇಟ್ಟುಕೊಳ್ಳಿ ಎಂದಳು. ಗಿರಣಿಯ ಗೇಟಿನ ಮುಂದೆ ನೂರಾರು ಜನರ ಹೊಟ್ಟೆ ತುಂಬಿಸಿದ ನನಗೆ ಆ ದಿನ ಆದ ಅವಮಾನ ಇನ್ನೂ ಆರಿಲ್ಲ. ಕೊಟ್ರವ್ವ ಮೂರು ದಿನ ಸೊಸೆಯ ಜೊತೆ ಮಾತಾಡಲಿಲ್ಲ.

ರೇಣುಕಕ್ಕ ಒಳ್ಳೆಯವಳೇ. ಆದರೆ ಅವಳ ಮನೆಯಲ್ಲಿ ಆಗಲೇ ಹನ್ನೆರಡು ಗುಳಿಯ ಹೊಸ ನಾನ್‌ಸ್ಟಿಕ್ ಹಂಚು ಇತ್ತು. ಬಿಸಿಲು ಏರುತ್ತಿದ್ದ ಕಾಲ. ಹಕ್ಕಿಗಳಿಗೆ ನೀರಿಡಲು ಬಂತು ಎಂದು ನನ್ನನ್ನು ಎರಡು ಮನೆಗಳ ನಡುವಿನ ಗಿಡ್ಡ ಗೋಡೆಯ ಮೇಲೆ ಕೂರಿಸಿ ಗುಳಿಗಳಿಗೆಲ್ಲ ನೀರು ತುಂಬಿದಳು. ಗುಬ್ಬಿಗಳು ಬಂದವು. ಒಂದು ಮೈನಾ ಬಂದು ನನ್ನ ಒರಟು ಗುಳಿಯಲ್ಲೇ ದಿನವೂ ಸ್ನಾನ ಮಾಡಿತು. ಎಣ್ಣೆ ಕುಡಿದ ಮೈಗೆ ನೀರು ಕುಡಿಸಿದರೆ ಏನಾಗುತ್ತದೆ? ಒಂದೇ ತಿಂಗಳಲ್ಲಿ ಕಂದು ತುಕ್ಕು ಹಿಡಿಯಿತು. ಹಕ್ಕಿಗಳ ಬಾಯಾರಿಕೆ ನೀಗುತ್ತಿದೆಯಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ, ನಿಜ ಹೇಳಬೇಕೆಂದರೆ ಸಮಾಧಾನ ಇರಲಿಲ್ಲ. ಗೋಡೆಯ ಮೇಲಿಂದ ವಿಶಾಲಾಕ್ಷಿಯ ಕಿಟಕಿ ನೇರ ಕಾಣುತ್ತಿತ್ತು. ನಾನು ದಿನವೆಲ್ಲ ಅಲ್ಲೇ ನೋಡುತ್ತಿದ್ದೆ.

ಮಾರ್ಚ್ ತಿಂಗಳ ಕೊನೆಗೆ ಮುಖ್ಯ ಪರೀಕ್ಷೆ ಶುರುವಾಯಿತು. ಮೊದಲ ದಿನ ಕನ್ನಡ. ಸಿಂಚನಾ ಸುತ್ತು ಹಾಕಿ, ಚಮಚ ಮೊಸರು ತಿಂದು, ಬಿಳಿಚಿಕೊಂಡ ಮುಖದಲ್ಲೇ ಹೋದಳು. ವಿಶಾಲಾಕ್ಷಿ ಉಪವಾಸವಿದ್ದು ಯಂತ್ರದ ಮುಂದೆ ಕೂತಳು. ಒಬ್ಬ ಟೀಚರಮ್ಮನ ಮಗಳ ಮದುವೆಗೆ ರೇಷ್ಮೆ ರವಿಕೆ ಹೊಲಿದು ಕೊಡಬೇಕಿತ್ತು. ಜರಿ ಅಂಚಿನ ಬಟ್ಟೆ, ಹೆಚ್ಚು ತುಂಡು ಇಲ್ಲ, ತಪ್ಪಿಗೆ ಜಾಗವಿಲ್ಲ. ಅಳೆದಳು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಕತ್ತರಿಸಿದಳು. ನಡುನಡುವೆ ಹಣೆ ಒತ್ತಿಕೊಳ್ಳುತ್ತಿದ್ದಳು. ಹನ್ನೆರಡೂವರೆಯ ಹೊತ್ತಿಗೆ ಒಂದು ತೋಳು ಜೋಡಿಸಿ ಎರಡನೆಯದನ್ನು ಹೆಗಲಿಗೆ ಹಚ್ಚಿ ನೋಡಿದಳು. ತಿರುಗಿಸಿ ಹಿಡಿದಳು. ಮತ್ತೆ ತಿರುಗಿಸಿದಳು.

"ಅತ್ತೀ..." ಎಂದಳು.

ಕೊಟ್ರವ್ವ ಬಂದು ನೋಡಿದಳು. ಎರಡು ತೋಳೂ ಎಡಗೈಯವು.

ಇಪ್ಪತ್ತಕ್ಕೂ ಹೆಚ್ಚು ವರ್ಷದಲ್ಲಿ ಆ ಕೈ ಮಾಡಿರದ ತಪ್ಪು ಅದು. ಕಲಿಯುವ ಹುಡುಗಿಯರು ಮೊದಲ ವಾರ ಮಾಡುವ ತಪ್ಪು. ಕೊಟ್ರವ್ವ ಬೈಯಲಿಲ್ಲ, ಹಂಗಿಸಲೂ ಇಲ್ಲ.

"ವಿಶಾಲಿ, ಬೆಳಿಗ್ಗಿಂದ ಏನರ ತಿಂದೀಯೇನು?" ಎಂದು ಮಾತ್ರ ಕೇಳಿದಳು.

ವಿಶಾಲಾಕ್ಷಿ ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ಸಿಂಚನಾ ನಿಂತಿದ್ದಳು. ಕೈಚೀಲವನ್ನು ಅಲ್ಲೇ ಇಳಿಸಿ ಗೋಡೆಗೆ ಒರಗಿದಳು.

"ಕೊನೀಗೆ ಪತ್ರ ಬರಿಯೋದಿತ್ತಮ್ಮ. ಬರ್ತಿತ್ತು ನಂಗ. ಅಕ್ಷರ ಎಲ್ಡೆಲ್ಡು ಕಾಣಾಕ ಹತ್ತಿದ್ವು, ಬಿಟ್ಟು ಬಂದೆ," ಎಂದು ಅಳತೊಡಗಿದಳು. "ಗಣಿತದಾಗೂ ಹಿಂಗಾದ್ರ ಏನ್ ಮಾಡ್ಲಿ?"

ವಿಶಾಲಾಕ್ಷಿ ಒಮ್ಮೆ ಮಗಳ ಮುಖ ನೋಡಿದಳು, ಒಮ್ಮೆ ಕೈಯಲ್ಲಿದ್ದ ತೋಳು ನೋಡಿದಳು. ಒಂದು ಹೊತ್ತಿನ ಉಪವಾಸಕ್ಕೆ ತನ್ನ ಪಳಗಿದ ಕೈಗೇ ಎಡ ಬಲ ತಿಳಿಯದೆ ಹೋಯಿತು, ಈ ಕೂಸಿನ ತಲೆ ಅಷ್ಟೊಂದು ಪ್ರಮೇಯಗಳನ್ನು ಹೇಗೆ ಹಿಡಿದಿಟ್ಟುಕೊಳ್ಳಬೇಕು? ಅವಳ ಮುಖದಲ್ಲಿ ನಾನು ಇದನ್ನು ಓದಿದೆ. ಬಟ್ಟೆಯನ್ನು ಯಂತ್ರದ ಮೇಲಿಟ್ಟು ಹಿತ್ತಲ ಬಾಗಿಲು ತೆರೆದು ನೇರ ಗೋಡೆಯ ಹತ್ತಿರ ಬಂದಳು. ನನ್ನ ನೀರು ಚೆಲ್ಲಿದಳು. ಎರಡು ಕೈಯಲ್ಲಿ ಎತ್ತಿಕೊಂಡಳು. ಸ್ನಾನಕ್ಕೆ ಬಂದಿದ್ದ ಮೈನಾ ಅವಳನ್ನು ಬೈಯುತ್ತ ಹಾರಿಹೋಯಿತು.

"ರೇಣುಕಕ್ಕಾ, ಹಕ್ಕಿಗೆ ಬ್ಯಾರೆ ಬಟ್ಟಲು ಕೊಡ್ತೀನಿ. ನಮ್ ಹಂಚು ನಮಗ ಬೇಕಾಗೈತಿ," ಎಂದು ಕೂಗಿ ಹೇಳಿದಳು.

ಮನೆಯೊಳಗೆ ಬಂದ ಮೇಲೆ ಅವಳಿಗೆ ಮತ್ತೆ ಅಳುಕು. "ಅತ್ತಿ, ಹರಕಿ ಹೊತ್ತೀನಲ್ಲ. ದೇವರು ಸಿಟ್ಟಾಗ್ತಾನೇನು?"

"ಉಪಾಸ ಇರ್ರಿ ಅಂತ ದೇವರೇನು ಬಂದು ಕೇಳಿದ್ನಾ? ನೀನಾ ಹೇಳ್ಕಂಡಿ, ನೀನಾ ತಪ್ಪಾತು ಅನ್ನು. ಸುತ್ತು ಬೇಕಂದ್ರ ನೀ ಹಾಕು, ಉಂಡು ಹಾಕು. ಅವನೂ ಲಂಕೀಗೆ ಹಾರೂ ಮುಂಚೆ ಹಣ್ಣು ತಿಂದೇ ಹಾರಿರ್ತಾನ," ಎಂದಳು ಕೊಟ್ರವ್ವ. ಕೊನೆಯ ಮಾತು ಯಾವ ಪುರಾಣದಲ್ಲಿದೆಯೋ ನನಗೆ ಗೊತ್ತಿಲ್ಲ, ಆದರೆ ವಿಶಾಲಾಕ್ಷಿಗೆ ಸಾಕಾಯಿತು.

ಗಣಿತಕ್ಕೆ ಮೂರು ದಿನ ಬಿಡುವಿತ್ತು. ಆ ಮೂರು ದಿನ ನನಗೆ ನಡೆದ ಉಪಚಾರ ಮದುಮಗಳಿಗೂ ನಡೆದಿರಲಾರದು. ವಿಶಾಲಾಕ್ಷಿ ತಾನೇ ಕೂತು ಹುಣಸೆಹಣ್ಣು, ತೆಂಗಿನ ನಾರು ಹಾಕಿ ನನ್ನ ತುಕ್ಕು ತಿಕ್ಕಿದಳು. ಅತ್ತೆ ಪಕ್ಕದಲ್ಲಿ ಕೂತು ಒಂದೊಂದೇ ಹೇಳಿಕೊಟ್ಟಳು. ಗಂಜಿ ಕುದಿಸು, ಆರಿಸು, ಹರಳೆಣ್ಣೆ ಹಚ್ಚು, ಕಾಯಿಸು, ಮತ್ತೆ ಹಚ್ಚು. ಗಣಿತದ ಹಿಂದಿನ ದಿನ ಅಕ್ಕಿ, ಉದ್ದು, ಮೆಂತ್ಯ ನೆನೆಹಾಕಿ ರುಬ್ಬಿ ಹುಳಿಗಿಟ್ಟರು. ಮೊಳಕೆ ಬಂದ ಹೆಸರುಕಾಳು, ತುರಿದ ಗಜ್ಜರಿ, ಮೆಂತ್ಯದ ಸೊಪ್ಪು ತಯಾರಾಯಿತು.

ಗಣಿತದ ಬೆಳಿಗ್ಗೆ ಏಳು ಗಂಟೆಗೆ ನಾನು ಒಲೆ ಹತ್ತಿದೆ. ಗುಳಿಗಳಿಗೆ ತೊಟ್ಟು ತೊಟ್ಟು ಎಣ್ಣೆ ಬಿತ್ತು, ಹಿಟ್ಟು ಬಿತ್ತು, ಚುಂಯ್ ಎಂದಿತು. ತಿಂಗಳ ಮೇಲೆ ಆ ಸದ್ದು ಕೇಳಿ, ಹಂಚಿಗೆ ಅಳು ಬರುವಂತಿದ್ದರೆ ನನಗೆ ಬರುತ್ತಿತ್ತು. ವಿಶಾಲಾಕ್ಷಿ ಕಡ್ಡಿ ಹಾಕಿದಳು. ಪಡ್ಡು ಅಲ್ಲಾಡಲಿಲ್ಲ. ಇನ್ನೊಂದಕ್ಕೆ ಹಾಕಿದಳು. ಅದೂ ಅಂಟಿ ಕೂತಿತ್ತು. ನಾನು ಬಿಡಬೇಕೆಂದು ಎಷ್ಟು ಒದ್ದಾಡಿದರೂ ಮೈ ನನ್ನ ಮಾತು ಕೇಳಲಿಲ್ಲ. ನೀರು ಕುಡಿದ ಮೈ, ಎಲ್ಲೋ ಒಳಗೆ ಇನ್ನೂ ಒರಟಾಗಿತ್ತು. ಏಳಕ್ಕೆ ಏಳೂ ಹರಿದು ಚೂರಾಗಿ ಬಂದವು.

ವಿಶಾಲಾಕ್ಷಿ ಕಡ್ಡಿ ಕೆಳಗಿಟ್ಟಳು. "ನೋಡಿದ್ರಾ ಅತ್ತಿ? ಇವತ್ತಾ ಹಿಂಗಾಗಬೇಕಾ?"

ನನ್ನನ್ನು ಮತ್ತೆ ಗೋಡೆಗೆ ಒಯ್ಯುತ್ತಾಳೆ ಎಂದೇ ತಿಳಿದೆ. ಕೊಟ್ರವ್ವ ಅವಸರ ಮಾಡಲಿಲ್ಲ. ಚೂರುಗಳನ್ನೆಲ್ಲ ಕೆರೆದು ತೆಗೆದಳು, ಉರಿ ತಗ್ಗಿಸಿದಳು, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಒಂದೊಂದು ಗುಳಿಯನ್ನೂ ನಿಧಾನವಾಗಿ ತಿಕ್ಕಿದಳು.

"ಮೊದಲ್ನೇ ಒಬ್ಬಿ ಹಂಚಿಂದು. ಅದೂ ಹಸಿದಿತ್ತಲ್ಲ, ತಿಂದು ಬಿಡ್ಲಿ. ಈಗ ಹಾಕು," ಎಂದಳು.

ಎರಡನೆಯ ಒಬ್ಬೆ ಬಿತ್ತು. ಕಡ್ಡಿ ಅಂಚಿಗೆ ತಾಗಿತು. ಒಂದು ಸಣ್ಣ ತಿರುವು, ಅಷ್ಟೇ! ಪಡ್ಡು ಗುಳಿಯೊಳಗೆ ಗಿರ್ರನೆ ಮಗುಚಿ ಹೊಂಬಣ್ಣದ ಬೆನ್ನು ತೋರಿಸಿತು. ಒಂದು, ಎರಡು, ಮೂರು, ಏಳೂ ಮಗುಚಿದವು. ದಾದಾಪೀರ್ ಅರ್ಧಕ್ಕೆ ಬಿಟ್ಟ ಗುಳಿಯೂ ಸೇರಿ! ನನ್ನ ಜನ್ಮದಲ್ಲಿ ಅಷ್ಟು ಚೆಂದದ ಒಬ್ಬೆ ನಾನು ಬಿಟ್ಟುಕೊಟ್ಟಿರಲಿಲ್ಲ.

ಆದರೆ ತಿನ್ನುವವಳು ಎಲ್ಲಿ? ಸಿಂಚನಾ ಪುಸ್ತಕ ಹಿಡಿದು ಅಡುಗೆಮನೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಳು. ತಟ್ಟೆ ಕಂಡ ಕೂಡಲೇ ಮುಖ ತಿರುಗಿಸಿದಳು.

"ನಂಗ ಬ್ಯಾಡಮ್ಮ, ವಾಂತಿ ಬಂದಂಗಾಗ್ತೈತಿ."

ವಿಶಾಲಾಕ್ಷಿ ಗಟ್ಟಿಸಿ ಹೇಳಲು ಬಾಯಿ ತೆರೆದಳು. ಕೊಟ್ರವ್ವ ಕಣ್ಣಲ್ಲೇ ತಡೆದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮೊಮ್ಮಗಳು ತಿರುಗುತ್ತ ಒಲೆಯ ಹತ್ತಿರ ಬಂದಾಗ ಒಂದೇ ಒಂದು ಪಡ್ಡಿನ ಮೇಲೆ ಒಂದು ಬೆರಳು ಚಟ್ನಿ ಸವರಿ, "ಹಿಡಿ, ಇದೊಂದು," ಎಂದು ಕೈಗಿಟ್ಟಳು. ಹುಡುಗಿ ಓದುತ್ತಲೇ ಬಾಯಿಗೆ ಹಾಕಿಕೊಂಡಳು. ಇನ್ನೊಂದು ಸುತ್ತು ತಿರುಗಿ ಬಂದಳು. "ಹಿಡಿ, ಇದೊಂದು." ಅದೂ ಹೋಯಿತು. ಗಿರಣಿಯ ಗೇಟಿನಲ್ಲಿ ನಿದ್ದೆಗಣ್ಣಿನ ಗಂಡಸರಿಗೆ ತಿನ್ನಿಸಿದ ಕೈ ಅದು, ಒಬ್ಬ ಹುಡುಗಿಯ ಅಂಜಿಕೆಗೆ ಸೋಲುತ್ತದೆಯೇ? ಮೂರನೆಯದಕ್ಕೆ ಸಿಂಚನಾ ತಾನಾಗಿ ಕೈ ಚಾಚಿದಳು. ಕೆನ್ನೆಗೆ ಬಣ್ಣ ಬಂತು. ಪುಸ್ತಕ ಮುಚ್ಚಿ ಒಲೆಯ ಪಕ್ಕದಲ್ಲಿ ಕೂತಳು.

ಮಗಳ ಕೈಯಲ್ಲಿದ್ದ ದುಂಡನೆಯ ಪಡ್ಡನ್ನೇ ಅಮ್ಮ ಹೆದರಿಕೆಯಿಂದ ನೋಡುತ್ತಿರುವುದು ಸಿಂಚನಾಳ ಕಣ್ಣಿಗೆ ಬಿತ್ತು.

"ಅಮ್ಮ, ಗಣಿತದ ಪೇಪರ್ ಎಷ್ಟಕ್ಕ?"

"ಎಂಬತ್ತಕ್ಕ."

"ಸೊನ್ನಿ ಇಲ್ದಂಗ ಎಂಬತ್ತು ಬರಿ ನೋಡೋಣ."

ವಿಶಾಲಾಕ್ಷಿ ಗಾಳಿಯಲ್ಲಿ ಬೆರಳಾಡಿಸಿ ಬರೆದು ನೋಡಿದಳು. ಸೊನ್ನೆಗೆ ಬಂದು ಬೆರಳು ನಿಂತಿತು. ಆಮೇಲೆ ಆ ಮೂರು ಹೆಂಗಸರು ನಕ್ಕ ನಗೆಗೆ ಗೋಡೆಯಾಚೆ ರೇಣುಕಕ್ಕ ಇಣುಕಿ ನೋಡಿದಳು. ಸಿಂಚನಾ ಏಳು ಪಡ್ಡು ತಿಂದು, ಒಂದು ಲೋಟ ಮಜ್ಜಿಗೆ ಕುಡಿದು, ಅಜ್ಜಿಯ ಕಾಲು ಮುಟ್ಟಿ ಹೊರಟಳು.

ಅವಳು ಹೋದ ಮೇಲೆ ಕೊಟ್ರವ್ವ ಸೊಸೆಯನ್ನೂ ಕೂರಿಸಿ ತಿನ್ನಿಸಿದಳು. ವಿಶಾಲಾಕ್ಷಿ ಉಂಡ ಹೊಟ್ಟೆಯಲ್ಲೇ ಇಪ್ಪತ್ತೊಂದು ಸುತ್ತು ಹಾಕಿ ಬಂದು ಯಂತ್ರದ ಮುಂದೆ ಕೂತಳು. ತಪ್ಪಿದ ತೋಳನ್ನು ಬಿಚ್ಚಿ, ಕಂಕುಳಲ್ಲಿ ಕಾಣದಂತೆ ತುಂಡು ಸೇರಿಸಿ, ಮದುವೆಗೆ ತಕ್ಕ ಹಾಗೆ ಕೂರಿಸಿದಳು. ಅವಳ ಕಣ್ಣು ಮಾತ್ರ ಗಳಿಗೆಗೊಮ್ಮೆ ಗಡಿಯಾರದ ಕಡೆಗೆ. ಹನ್ನೊಂದೂವರೆ ಆಯಿತು, ಹುಡುಗಿ ಬರಲಿಲ್ಲ. ಹನ್ನೆರಡಾಯಿತು, ಬರಲಿಲ್ಲ. ಯಾರೂ ಬಾರದಿರುವುದು ಅಷ್ಟು ಖುಷಿ ಕೊಟ್ಟದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಒಂದಾಯಿತು. ಒಂದೂವರೆಯೂ ಆಯಿತು.

ಎರಡಕ್ಕೆ ಹತ್ತು ನಿಮಿಷ ಇರುವಾಗ ಓಣಿಯ ತುದಿಯಿಂದಲೇ ಕೂಗು ಕೇಳಿಸಿತು. "ಅಜ್ಜೀ! ಮೂವತ್ತೆಂಟಕ್ಕ ಮೂವತ್ತೆಂಟೂ ಪ್ರಶ್ನಿ ಬರದೆ!" ಚಪ್ಪಲಿಯನ್ನು ಎಲ್ಲೋ ಬಿಟ್ಟು ಒಳಗೆ ಓಡಿಬಂದಳು. "ಹನ್ನೆರಡಕ್ಕ ತಲಿ ಸುತ್ತುತೈತಿ ಅಂತ ಕಾದೆ. ಸುತ್ತಾ ಇಲ್ಲ! ಪ್ರಮೇಯ ಬರದೆ, ಗ್ರಾಫ್ ಎಳದೆ, ಎಲ್ಲಾ ತಿರುಗಿ ನೋಡಿದೆ. ಇನ್ನೂ ಹತ್ತು ನಿಮಿಷ ಉಳದಿತ್ತು."

ವಿಶಾಲಾಕ್ಷಿ ಮಗಳನ್ನು ಅಪ್ಪಿಕೊಂಡು ಅತ್ತಳು. ಇಪ್ಪತ್ನಾಲ್ಕು ವರ್ಷದ ಅಳು ಅದು, ಬೇಗ ನಿಲ್ಲಲಿಲ್ಲ. ಕೊಟ್ರವ್ವ ಸೆರಗಿನಿಂದ ನನ್ನ ಕಿವಿ ಒರೆಸುತ್ತ ಕೂತಿದ್ದಳು. ಉಳಿದ ಪರೀಕ್ಷೆಗಳ ಬೆಳಿಗ್ಗೆಯೂ ನಾನು ಒಲೆ ಹತ್ತಿದೆನೆಂದು ಬೇರೆ ಹೇಳಬೇಕಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಗಣಿತದಲ್ಲಿ ಎಂಬತ್ತಕ್ಕೆ ಎಪ್ಪತ್ತನಾಲ್ಕು! ಪತ್ರ ಬಿಟ್ಟು ಬಂದ ಕನ್ನಡದಲ್ಲಿ ಮಾತ್ರ ಸ್ವಲ್ಪ ಹಿಂದೆ. ಮಲ್ಲೇಶ ಆಟೊದ ಹಾರ್ನ್ ಒತ್ತುತ್ತ ಓಣಿಯಲ್ಲಿ ಎರಡು ಸಲ ಸುತ್ತಿದ. ವಿಶಾಲಾಕ್ಷಿ ಓಣಿಗೆಲ್ಲ ಸಿಹಿ ಹಂಚಿದಳು. ಏನು ಸಿಹಿ ಅಂತೀರಿ? ರವೆ ಉಂಡೆ.

ಮರುವರ್ಷ ಇನ್ನೊಂದು ತಮಾಷೆಯಾಯಿತು. ಪರೀಕ್ಷೆ ಹತ್ತಿರ ಬಂದಂತೆ ಓಣಿಯ ತಾಯಂದಿರು ಒಬ್ಬೊಬ್ಬರಾಗಿ ಬಂದು, ನಿಮ್ಮ ಹಂಚಿನ ಪಡ್ಡು ತಿಂದರೆ ಅಂಕ ಬರುತ್ತವಂತಲ್ಲ ಎಂದು ಕೇಳತೊಡಗಿದರು. ಹಿಂದಿನ ವರ್ಷ ಅಪಶಕುನವಾಗಿದ್ದ ನಾನು ಈಗ ಅದೃಷ್ಟವಾಗಿಬಿಟ್ಟಿದ್ದೆ! ನನಗೆ ನಗು ಬಂತು. ವಿಶಾಲಾಕ್ಷಿಗೆ ಬರಲಿಲ್ಲ.

"ಹಂಚಿನ್ಯಾಗ ಏನೂ ಇಲ್ರೀ ಯಕ್ಕ. ಮಕ್ಕಳು ತಿಂದು ಹೋಗ್ಬೇಕು, ಅಷ್ಟಾ. ನಿಮ್ಮನ್ಯಾಗ ರೊಟ್ಟಿ ಇದ್ರ ರೊಟ್ಟಿ ತಿನ್ನಿಸ್ರಿ. ಏನೂ ಮಾಡಾಕ ಆಗ್ಲಿಲ್ಲಂದ್ರ ಇಲ್ಲಿಗೆ ಕಳಸ್ರಿ," ಎಂದಳು. ಆ ವರ್ಷ ಪರೀಕ್ಷೆಯ ದಿನಗಳಲ್ಲಿ ಎಂಟೊಂಬತ್ತು ಮಕ್ಕಳು ನಮ್ಮ ಹಿತ್ತಲಲ್ಲಿ ನಿಂತು ತಿಂದು ಹೋದರು. ಯಾರೂ ಅರ್ಧಕ್ಕೆ ಎದ್ದು ಬರಲಿಲ್ಲ.

ಈಗ ನಾನಿರುವುದು ಬೇರೆ ಊರಿನಲ್ಲಿ. ಸಿಂಚನಾ ಡಿಪ್ಲೊಮಾ ಓದುತ್ತಾಳೆ, ಇನ್ನಿಬ್ಬರು ಗೆಳತಿಯರ ಜೊತೆ ಒಂದು ಕೋಣೆ ಮಾಡಿಕೊಂಡಿದ್ದಾಳೆ. ಹೊರಡುವ ದಿನ ಕೊಟ್ರವ್ವ ನನ್ನನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅವಳ ಪೆಟ್ಟಿಗೆಯ ತಳದಲ್ಲಿ ಇಟ್ಟಳು. ಬಸ್ಸಿನ ಕುಲುಕಾಟಕ್ಕೆ ನನ್ನ ಒಂದು ಕಿವಿಯ ತುದಿ ಮುಕ್ಕಾಯಿತು. ವಯಸ್ಸಾಯಿತು, ಕಾಯಲು ಮೊದಲಿಗಿಂತ ಹೊತ್ತು ಬೇಕು. ಬೇರೆ ದಿನಗಳಲ್ಲಿ ಕಿಟಕಿಯ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತೇನೆ, ಹುಡುಗಿಯರು ಅವಲಕ್ಕಿಯಲ್ಲೋ ಉಪ್ಪಿಟ್ಟಿನಲ್ಲೋ ಹೊತ್ತು ಕಳೆಯುತ್ತಾರೆ. ಪರೀಕ್ಷೆ ಬಂದರೆ ಮಾತ್ರ ನನ್ನನ್ನು ಇಳಿಸುತ್ತಾರೆ.

ಇವತ್ತೂ ಇಳಿಸಿದರು. ಗೆಳತಿಯೊಬ್ಬಳು ಇನ್ನೂ ಎರಡು ಪಾಠ ಓದುವುದಿದೆ, ತಿನ್ನಲು ಹೊತ್ತಿಲ್ಲ ಎಂದು ಪುಸ್ತಕದಲ್ಲಿ ಮುಖ ಹುದುಗಿಸಿ ಕೂತಿದ್ದಳು. ಸಿಂಚನಾ ಅವಳ ಪುಸ್ತಕ ಕಿತ್ತುಕೊಂಡು, "ಮೊದ್ಲು ತಿನ್ನು, ಆಮ್ಯಾಲೆ ಇದು," ಎಂದು ದಬಾಯಿಸಿದಳು. ಮಗಳ ಬಾಯಲ್ಲಿ ವಿಶಾಲಾಕ್ಷಿಯ ಧ್ವನಿ ಕೇಳಿ ನನಗೆ ಬಹಳ ಸಂತೋಷವಾಯಿತು. ಮೂರು ಒಬ್ಬೆ ಬಿಟ್ಟುಕೊಟ್ಟೆ. ಒಂದೂ ಅಂಟಲಿಲ್ಲ.

ಈಗಷ್ಟೇ ಮೂವರೂ ಬಾಗಿಲು ಹಾಕಿಕೊಂಡು ಪರೀಕ್ಷೆಗೆ ಹೋದರು. ಮೆಟ್ಟಿಲ ಮೇಲೆ ಅವರ ನಗು ಇನ್ನೂ ಕೇಳುತ್ತಿದೆ. ನಾನು ಒಲೆಯ ಮೇಲೆ ಆರುತ್ತಿದ್ದೇನೆ. ನನಗೆ ಒಂದು ಲೆಕ್ಕವೂ ಬರುವುದಿಲ್ಲ, ಒಂದು ಅಕ್ಷರವೂ ಗೊತ್ತಿಲ್ಲ. ನನ್ನ ಏಳು ಗುಳಿಯೂ ಖಾಲಿ. ಆ ಮೂವರ ಹೊಟ್ಟೆ ಮಾತ್ರ ಖಾಲಿ ಇಲ್ಲ.